ಅಡುಗೆಯವರ ಮಗಳು ಬರೆದ ಒಂದೂವರೆ ಪುಟ

ನಾನು ಅಚ್ಚು ಹಾಕಿಸಿದ ಒಂದೂವರೆ ಪುಟದಿಂದಾಗಿ ಒಬ್ಬ ಅಡುಗೆಯವರು ಒಲೆಯ ಮುಂದಿನ ತಮ್ಮ ಜಾಗ ಕಳೆದುಕೊಂಡರು. ಬರೆದವಳು ಅವರ ಮಗಳು, ಹನ್ನೊಂದು ವರ್ಷದವಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ ಎನ್ನುವುದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಚೆನ್ನೈನ ನಮ್ಮ ಕನ್ನಡ ಸಂಘ ವರ್ಷಕ್ಕೊಮ್ಮೆ ಮಕ್ಕಳ ಸಂಚಿಕೆಯೊಂದನ್ನು ತರುತ್ತದೆ. ಮಕ್ಕಳೇ ಬರೆದ ಕಥೆ, ಕವಿತೆ, ಮಕ್ಕಳೇ ಬಿಡಿಸಿದ ಚಿತ್ರ. ಒಂಬತ್ತು ವರ್ಷ ಅದರ ಸಂಪಾದಕಿ ನಾನೇ. ನನಗೆ ಸಾಹಿತ್ಯದ ಡಿಗ್ರಿಯೇನೂ ಇಲ್ಲ. ಗಿಂಡಿಯ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತು ವರ್ಷ ಯಂತ್ರದ ಬಿಡಿಭಾಗಗಳ ನಕ್ಷೆ ಬಿಡಿಸಿ ನಿವೃತ್ತಳಾದವಳು ನಾನು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮನೆತನ ನಮ್ಮದು. ನಮ್ಮ ಮನೆಯ ಕನ್ನಡ ಕೇಳಿದರೆ ಮೈಸೂರಿನ ನೆಂಟರು ಇದರಲ್ಲಿ ಅರ್ಧ ತಮಿಳು ಎಂದು ನಗುತ್ತಾರೆ, ಅದು ನಿಜವೂ ಹೌದು. ಹೀಗಿದ್ದೂ ಸಂಘದವರು ನನ್ನನ್ನು ಹಿಡಿದು ಕೂರಿಸಿದ್ದು ಬೇರೆ ಯಾರೂ ಒಪ್ಪದೇ ಇದ್ದದ್ದಕ್ಕೆ. ಹಾಳೂರಿಗೆ ಉಳಿದವನೇ ಗೌಡ.

ಮೊದಲ ವರ್ಷ ಬಂದ ಬರಹಗಳನ್ನು ನೋಡಿ ನನಗೆ ಮೈ ಉರಿದುಹೋಯಿತು. ಎಲ್ಲವೂ ಅಮ್ಮಂದಿರ ಬರಹ. 'ಸೂರ್ಯನ ಹೊಂಗಿರಣಗಳು ಭುವಿಯನ್ನು ಚುಂಬಿಸುತ್ತಿದ್ದವು' ಎಂದು ಮೂರನೇ ಕ್ಲಾಸಿನ ಹುಡುಗ ಬರೆದಿದ್ದಾನಂತೆ! ಅವನನ್ನು ಎದುರಿಗೆ ನಿಲ್ಲಿಸಿಕೊಂಡು, "ನೀನೇ ಬರೆದದ್ದಾ?" ಎಂದು ಕೇಳಿದೆ. "ಆಮಾ ಆಂಟಿ," ಎಂದು ತಮಿಳಿನಲ್ಲಿ ಹೌದೆಂದ. ಹೊಂಗಿರಣ ಅಂದರೇನು ಎಂದರೆ ಅವನು ಅಮ್ಮನ ಮುಖ ನೋಡಿದ, ಅಮ್ಮ ಫ್ಯಾನು ನೋಡಿದಳು. ಚಿತ್ರಗಳೂ ಅಷ್ಟೇ. ಸ್ಕೇಲು ಇಟ್ಟು ಎಳೆದ ಗೆರೆ ಯಾವುದು, ಕೈಯಿಂದ ಬಂದ ಗೆರೆ ಯಾವುದು ಎಂದು ಹೇಳಲು ನನಗೆ ಕನ್ನಡಕವೂ ಬೇಡ. ಮನೆಯ ಚಿತ್ರವೆಂದರೆ ಅಪ್ಪ ಎಳೆದ ಗೋಡೆ, ಅಕ್ಕ ಬಿಡಿಸಿದ ತೆಂಗಿನಮರ, ಮಗು ತುಂಬಿದ ಬಣ್ಣ. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಆದರೆ ಹೆಗ್ಗಣಕ್ಕೆ ನವಿಲಿನ ವೇಷ ಹಾಕಿ ಕಳಿಸಿದರೆ ನಾನು ಯಾಕೆ ಒಪ್ಪಬೇಕು?

ನಾನು ಒಂದು ಕಾಯಿದೆ ಮಾಡಿದೆ. ಮಕ್ಕಳು ಭಾನುವಾರ ಸಂಘದ ಹಾಲಿಗೆ ಬಂದು ನನ್ನ ಮುಂದೆಯೇ ಕೂತು ಬರೆಯಬೇಕು. ತಮಿಳು ಬೆರೆಸಿದರೂ ಸರಿ, ತಪ್ಪು ಬರೆದರೂ ಸರಿ. ನನ್ನ ಕೈಗೆ ಕೊಟ್ಟ ಮೇಲೆ ದೊಡ್ಡವರು ಯಾರೂ ಅದನ್ನು ಮುಟ್ಟುವಂತಿಲ್ಲ, ನಾನೂ ಮುಟ್ಟುವುದಿಲ್ಲ. ಆ ವರ್ಷ ಸಂಚಿಕೆ ಎಷ್ಟು ತೆಳ್ಳಗಾಯಿತೆಂದರೆ ಸಂಘದ ಅಧ್ಯಕ್ಷರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಮ್ಮಾ ಇದು, ಸಂಚಿಕೆಯೋ ಬಸ್ ಟಿಕೆಟ್ಟೋ?" ಎಂದು ಎಲ್ಲರ ಮುಂದೆ ಕೇಳಿದರು. ನಾನು ಜಗ್ಗಲಿಲ್ಲ. ಬರಬರುತ್ತಾ ನನಗೆ ಆ ಕಾಯಿದೆಯ ಮೇಲೆ ಎಷ್ಟು ಹೆಮ್ಮೆ ಹತ್ತಿತೆಂದರೆ ಅದನ್ನು ದೇವರ ಪಟದ ಪಕ್ಕ ಕಟ್ಟು ಹಾಕಿಸಿ ಇಡುವುದೊಂದು ಬಾಕಿ ಇತ್ತು.

ಒಂದು ಹಳೆಯ ಪದ್ಧತಿಯನ್ನು ಮಾತ್ರ ನಾನು ಬಿಡಿಸಲಿಲ್ಲ. ಪ್ರತಿ ಬರಹದ ಕೆಳಗೆ ಮಗುವಿನ ಹೆಸರು, ತರಗತಿ, ಅಪ್ಪನ ಹೆಸರು, ಅಪ್ಪ ಎಲ್ಲಿ ಏನು ಕೆಲಸದಲ್ಲಿದ್ದಾರೆ ಎಂದು ಒಂದು ಸಾಲು ಹಾಕುತ್ತಿದ್ದೆವು. ಆ ಸಾಲಿಗಾಗಿಯೇ ಐದೈದು ಪ್ರತಿ ಒಯ್ಯುವವರಿದ್ದರು. ಉಳಿದ ಪ್ರತಿಗಳು ನಮ್ಮವರ ಮನೆಗಳಿಗೆ, ಊರಿನ ಎಲ್ಲ ಕನ್ನಡದವರ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಬಳಿಗೆ ಹೋಗುತ್ತಿದ್ದವು.

ಆ ಹುಡುಗಿಯನ್ನು ಅವಳ ತಾಯಿ ಕರೆದುಕೊಂಡು ಬಂದದ್ದು ಒಂದು ಭಾನುವಾರ. ಕುಂದಾಪುರದ ಕಡೆಯವರು. ತಂದೆ ಕೋಡಂಬಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೊಡ್ಡ ಅಡುಗೆಯವರು. ಹೋಟೆಲಿನ ಹಿಂಭಾಗದ ಮಹಡಿಯ ಮೇಲೆ ಒಂದು ಕೋಣೆ, ಅದೇ ಅವರ ಮನೆ. ಹುಡುಗಿ ನಾಲ್ಕನೇ ಕ್ಲಾಸಿನವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ ಆಮೇಲೆ ಇಲ್ಲಿಗೆ ಬಂದವಳು. ಹಾಗಾಗಿ ನಮ್ಮ ಭಾನುವಾರದ ಕ್ಲಾಸಿನ ಹದಿನಾಲ್ಕು ಮಕ್ಕಳಲ್ಲಿ ಕನ್ನಡವನ್ನು ಸರಾಗವಾಗಿ ಓದಿ ಬರೆಯುತ್ತಿದ್ದವಳು ಇವಳೊಬ್ಬಳೇ. ಉಳಿದವರು ಅವಳ ಪುಸ್ತಕದೊಳಗೆ ಇಣುಕಿ ಕೈಚೆಲ್ಲಿ ಸುಮ್ಮನಾಗುತ್ತಿದ್ದರು.

ಸಂಚಿಕೆಗೆ ಬರೆಯುವ ದಿನ ಅವಳು ಒಂದು ಗಂಟೆ ತಲೆ ಎತ್ತದೆ ಬರೆದಳು. ಕಾಗದ ತಂದುಕೊಟ್ಟಾಗ ನಾನು ನಿಂತಲ್ಲೇ ಓದಿದೆ. ತಲೆಬರಹ 'ನನ್ನ ಬೆಳಗಿನ ಕೆಲಸ'. ಅದರ ಸಾಲುಗಳು ನನಗೆ ಬಾಯಿಪಾಠವಾಗಿವೆ:

'ನನ್ನ ಅಪ್ಪಯ್ಯ ಹೋಟೆಲಿನಲ್ಲಿ ದೊಡ್ಡ ಅಡುಗೆಯವರು. ಜ್ವರ ಬಂದು ಹೋದ ಮೇಲೆ ಅವರಿಗೆ ವಾಸನೆ ಗೊತ್ತಾಗುವುದಿಲ್ಲ. ರುಚಿಯೂ ಗೊತ್ತಾಗುವುದಿಲ್ಲ. ಹಸಿಮೆಣಸು ಕಚ್ಚಿದರೆ ಉರಿ ಮಾತ್ರ ಗೊತ್ತಾಗುತ್ತದೆಯಂತೆ, ಮೆಣಸು ಗೊತ್ತಾಗುವುದಿಲ್ಲವಂತೆ. ಬೆಳಿಗ್ಗೆ ಆರು ಗಂಟೆಗೆ ನಾನು ಹಿಂದಿನ ಬಾಗಿಲಿಗೆ ಹೋಗುತ್ತೇನೆ. ಅಪ್ಪಯ್ಯ ಸೌಟಿನಿಂದ ನನ್ನ ಅಂಗೈಗೆ ಸಾಂಬಾರು ಬಿಡುತ್ತಾರೆ. ಮಾತಾಡಬಾರದು. ಉಪ್ಪು ಬೇಕಾದರೆ ಒಂದು ಬೆರಳು ತೋರಿಸುತ್ತೇನೆ. ಹುಳಿ ಬೇಕಾದರೆ ಎರಡು ಬೆರಳು. ಸಮ ಇದ್ದರೆ ಕೈ ಮುಚ್ಚುತ್ತೇನೆ. ಆಮೇಲೆ ಅಪ್ಪಯ್ಯ ದೇವರಿಗೆ ಇಡುತ್ತಾರೆ. ನನಗೆ ಪರೀಕ್ಷೆಗೆ ಭಯ ಇಲ್ಲ. ಸಾಂಬಾರು ತಪ್ಪಾದರೆ ಭಯ.'

ಜೊತೆಗೊಂದು ಚಿತ್ರ. ಆಳೆತ್ತರದ ಕೊಪ್ಪರಿಗೆ, ಅದರ ಪಕ್ಕ ಸೌಟು ಹಿಡಿದ ಅಪ್ಪ, ಬಾಗಿಲಲ್ಲಿ ಕೈಚಾಚಿ ನಿಂತ ಹುಡುಗಿ. ಅಪ್ಪನ ಮುಖದಲ್ಲಿ ಕಣ್ಣು, ಮೂಗು, ಮೀಸೆ ಎಲ್ಲ ಇತ್ತು, ಬಾಯಿ ಇರಲಿಲ್ಲ. "ಬಾಯಿ ಯಾಕೆ ಬಿಡಿಸಲಿಲ್ಲ ಪುಟ್ಟಾ?" ಎಂದು ಕೇಳಿದೆ. "ಅದು ಕೆಲಸ ಮಾಡುದಿಲ್ಲ ಅಲ್ದಾ ಟೀಚರ್," ಎಂದಳು.

ನನಗೆ ಕಣ್ಣು ತುಂಬಿ ಬಂತು. ಒಂಬತ್ತು ವರ್ಷ ಕಾದದ್ದು ಇಂಥದ್ದೊಂದಕ್ಕೇ ಎನ್ನಿಸಿತು. ಇಲ್ಲಿ ಹೊಂಗಿರಣವಿಲ್ಲ, ನೀತಿಪಾಠವಿಲ್ಲ, ಸ್ಕೇಲಿನ ಗೆರೆಯಿಲ್ಲ. ಈಗ ಕೂತು ಯೋಚಿಸಿದರೆ, ಆ ಕಣ್ಣೀರಿನಲ್ಲಿ ಅರ್ಧ ಆ ಮಗುವಿಗಾಗಿ, ಇನ್ನರ್ಧ ನನ್ನ ಕಾಯಿದೆ ಗೆದ್ದಿತೆಂಬ ಸಂತೋಷಕ್ಕಾಗಿ ಇರಬೇಕು. ಅರ್ಧಕ್ಕಿಂತ ಹೆಚ್ಚೇ ಇರಬಹುದು.

ನನಗೆ ತಿಳಿಯದ ವಿಷಯವೇನೂ ಅದರಲ್ಲಿರಲಿಲ್ಲ, ಅದೇ ನನ್ನನ್ನು ಕೊರೆಯುವುದು. ನಮ್ಮದು ವೈಷ್ಣವರ ಮನೆ. ದೇವರಿಗೆ ಇಡುವ ಮೊದಲು ಅಡುಗೆ ಮಾಡುವವರು ರುಚಿ ನೋಡುವಂತಿಲ್ಲ, ನಾಲಗೆಗೆ ತಾಗಿದರೆ ಅದು ಎಂಜಲು. ನಮ್ಮಜ್ಜಿ ಕುದಿಯುವ ಸಾರಿನ ವಾಸನೆ ಹಿಡಿದೇ "ಉಪ್ಪು ಮರೆತೆಯೇನೇ?" ಎಂದು ನಡುಮನೆಯಿಂದ ಕೂಗುತ್ತಿದ್ದಳು. ಕುಂದಾಪುರದ ಕಡೆಯವರ ಹೋಟೆಲುಗಳ ಹಳೇ ಅಡುಗೆಯವರೂ ಹಾಗೆಯೇ, ಮೂಗಿನಲ್ಲೇ ಅಡುಗೆ. ಮೊದಲ ಬಟ್ಟಲು ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟದ ಮುಂದಿಟ್ಟು, ಆಮೇಲೆ ಗಿರಾಕಿಗಳಿಗೆ ಬಾಗಿಲು ತೆಗೆಯುವುದು. ಅಂಥ ಕಡೆ ಮೂಗು ಹೋದ ಅಡುಗೆಯವರು, ದೇವರಿಗಿಂತ ಮೊದಲು ರುಚಿ ನೋಡುವ ಮಗಳು! ಇಷ್ಟೆಲ್ಲ ಗೊತ್ತಿದ್ದವಳು ನಾನು ಅದನ್ನು ಓದುವಾಗ ನೋಡಿದ್ದು ಬರೀ ಗೆರೆಯನ್ನು.

"ಇದನ್ನು ಪುಸ್ತಕದಲ್ಲಿ ಹಾಕಲಾ?" ಎಂದು ಕೇಳಿದೆ. ಕೇಳದೆ ಹಾಕುವುದು ನನ್ನ ಕ್ರಮವಲ್ಲ.

ಅವಳು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದಳು. ಆಮೇಲೆ, "ಇಲ್ಲಿ ಯಾರಿಗೂ ಕನ್ನಡ ಓದುಕೆ ಬರುದಿಲ್ಲ ಅಲ್ದಾ ಟೀಚರ್?" ಎಂದಳು.

ನಾನು ಜೋರಾಗಿ ನಕ್ಕುಬಿಟ್ಟೆ. ನಮ್ಮ ಸಂಘದ ಮಕ್ಕಳನ್ನು, ಅವರ ಅಪ್ಪ ಅಮ್ಮಂದಿರನ್ನು ಈ ಮರಿ ಎಷ್ಟು ಚೆನ್ನಾಗಿ ಚುಚ್ಚಿತು ಎಂದುಕೊಂಡೆ. "ಅದೇ ನೋಡು ನಮ್ಮ ಗತಿ," ಎಂದೆ. ಅವಳ ಮುಖ ಹಗುರವಾಯಿತು. "ಹಂಗಾರೆ ಹಾಕಿ," ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟಳು. ಅವಳು ಚುಚ್ಚಿರಲಿಲ್ಲ. ನಿಜವಾಗಿ ವಿಚಾರಿಸಿ ತಿಳಿದುಕೊಳ್ಳುತ್ತಿದ್ದಳು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಶಾಲೆಯ ಗೇಟಿನಲ್ಲಿ ತಾಯಿ ಮಗಳು ಮನೆಯ ಗುಟ್ಟನ್ನೆಲ್ಲ ಎದುರಿಗಿದ್ದವರ ಮುಂದೆಯೇ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ. ಎರಡು ವರ್ಷದಲ್ಲಿ ಒಬ್ಬರೂ ತಿರುಗಿ ನೋಡಿರಲಿಲ್ಲ. ಹೋಟೆಲಿನಲ್ಲೂ ಧಣಿಗಳು ಗಿರಾಕಿಗಳೊಂದಿಗೆ ತಮಿಳಿನಲ್ಲಿ ಮಾತಾಡುವುದನ್ನಷ್ಟೇ ಅವಳು ಕೇಳಿದ್ದಳಂತೆ. ಶಾಲೆಯಲ್ಲಿ ತಮಿಳಿನಲ್ಲಿ ಅಪ್ಪನ ಬಗ್ಗೆ ಪ್ರಬಂಧ ಬರೆಯಬೇಕಾದಾಗ 'ಎಲ್ಲರಿಗಿಂತ ಚೆನ್ನಾಗಿ ಅಡುಗೆ ಮಾಡುತ್ತಾರೆ' ಎಂದಷ್ಟೇ ಬರೆದು ಮುಗಿಸಿದ್ದಳಂತೆ. ನಿಜವನ್ನು ಕನ್ನಡದಲ್ಲಿ ಬರೆದದ್ದು ಅದು ಬೀಗ ಹಾಕಿದ ಪೆಟ್ಟಿಗೆ ಎಂದು ನಂಬಿ. ಇದೆಲ್ಲ ನನಗೆ ಆಮೇಲೆ ಅವಳ ತಾಯಿ ಹೇಳಿದ್ದು.

ಅಚ್ಚಿಗೆ ಕೊಡುವ ಹಿಂದಿನ ದಿನ ಆ ತಾಯಿ ಹಾಲಿನ ಮೆಟ್ಟಿಲ ಹತ್ತಿರ ನನ್ನನ್ನು ಕಾದು ನಿಂತಿದ್ದಳು. ಮಗಳು ಏನು ಬರೆದಿದ್ದಾಳೆಂದು ಅವಳಿಗೆ ಅಂದೇ ಗೊತ್ತಾಗಿತ್ತು.

"ಅಮ್ಮ, ಅವ್ಳು ಬರ್ದದ್ದನ್ನ ಸ್ವಲ್ಪ ಬದಲು ಮಾಡ್ಲಿಕ್ಕೆ ಆಗ್ತದಾ?" ಎಂದಳು. "ಅದು ಮನೆ ಮಾತು."

ನನಗೆ ಪಿತ್ತ ನೆತ್ತಿಗೇರಿತು. ಇವಳೂ ಉಳಿದ ಅಮ್ಮಂದಿರ ಹಾಗೆಯೇ ಎಂದುಕೊಂಡೆ. ಮಗುವಿನ ಮಾತಿಗೆ ದೊಡ್ಡವರು ಕೈ ಹಾಕಬಾರದು, ಮಕ್ಕಳು ಕಂಡದ್ದನ್ನು ಕಂಡ ಹಾಗೆ ಬರೆಯಲು ಬಿಡಬೇಕು, ನಾಚಿಕೆಪಡುವಂಥದ್ದು ಅದರಲ್ಲಿ ಏನಿದೆ, ಹೆಮ್ಮೆಪಡಿ ಎಂದು ಮೆಟ್ಟಿಲ ಮೇಲೆ ನಿಂತು ಹತ್ತು ನಿಮಿಷ ಭಾಷಣ ಬಿಗಿದೆ. ಅವಳು ಎರಡು ಮೆಟ್ಟಿಲು ಕೆಳಗೆ ನಿಂತು ಸೆರಗಿನ ತುದಿ ಸುತ್ತುತ್ತಾ ಕೇಳಿದಳು. ಗಂಡನ ಕೆಲಸ ಹೋಗುತ್ತದೆ ಎಂದು ಬಾಯಿ ಬಿಟ್ಟು ಹೇಳಿದ್ದರೆ! ಆದರೆ ಹೇಳಿದರೆ ಗುಟ್ಟು ಇನ್ನೂ ಒಂದು ಕಿವಿಗೆ ಬಿದ್ದ ಹಾಗೆ ಎಂದು ಹೆದರಿದಳೋ ಏನೋ. "ಆಯ್ತಮ್ಮ. ನಿಮಗೆ ಗೊತ್ತಿರ್ತದೆ," ಎಂದಷ್ಟೇ ಹೇಳಿ ಹೋದಳು. ಶ್ರೀಮಂತರ ಮನೆಯ ಸುಳ್ಳಿಗೆಂದು ನಾನು ಕಟ್ಟಿದ್ದ ಬೇಲಿಗೆ ಸಿಕ್ಕಿಬಿದ್ದವಳು ಆ ಹೆಂಗಸು.

ಪ್ಯಾರೀಸ್ ಕಾರ್ನರಿನ ಹಿಂದಿನ ಓಣಿಯೊಂದರಲ್ಲಿ ನಮ್ಮ ಪ್ರೆಸ್ಸು. ಪ್ರೆಸ್ಸಿನವರಿಗೆ ಕನ್ನಡ ಬಾರದು, ಆದರೆ ಕೆಲಸದಲ್ಲಿ ಬಹಳ ಕಟ್ಟುನಿಟ್ಟು. ಕಂಪ್ಯೂಟರಿನಲ್ಲಿ ಆ ಚಿತ್ರ ನೋಡಿ, "ಮೇಡಂ, ವಾಯ್ ಕಾಣೋಮೇ, ಸ್ಕ್ಯಾನ್‌ಲೆ ವಿಟ್ಟುಪೋಚ್ಚಾ?" ಎಂದು ಕೇಳಿದರು. ಬಾಯಿ ಕಾಣುತ್ತಿಲ್ಲವಲ್ಲ, ಸ್ಕ್ಯಾನಿನಲ್ಲಿ ಬಿಟ್ಟುಹೋಯಿತಾ ಎಂದು. "ಇಲ್ಲೆ, ಅಪ್ಪಡಿದಾನ್," ಇಲ್ಲ, ಅದು ಇರುವುದೇ ಹಾಗೆ ಎಂದೆ ನಾನು ಜಂಬದಿಂದ. ಬರಹದ ಕೆಳಗಿನ ಸಾಲಿನಲ್ಲಿ ಅಪ್ಪನ ಹೆಸರು, ಹೋಟೆಲಿನ ಹೆಸರು, 'ಮುಖ್ಯ ಅಡುಗೆಯವರು' ಎಂದು ನಾನೇ ನಿಂತು ಹಾಕಿಸಿದೆ. ಬ್ಯಾಂಕಿನವರ, ಇಂಜಿನಿಯರುಗಳ ಸಾಲಿನಲ್ಲಿ ಅಡುಗೆಯವರೊಬ್ಬರು ಬರಲಿ ಎಂಬುದು ನನ್ನ ಇನ್ನೊಂದು ದೊಡ್ಡಸ್ತಿಕೆ.

ಬಿಡುಗಡೆಯ ದಿನ ಬೆಳಿಗ್ಗೆ ಹಾಲಿನಲ್ಲಿ ಸಮಾರಂಭ. ಪ್ರತಿ ವರ್ಷವೂ ಅವತ್ತಿನ ತಿಂಡಿ ಅದೇ ಕೋಡಂಬಾಕ್ಕಂನ ಹೋಟೆಲಿನಿಂದ ಬರುವುದು, ಹೋಟೆಲಿನ ಧಣಿಗಳು ಮುಂದಿನ ಸಾಲಿನಲ್ಲಿ ಕೂರುವುದು. ಎಲ್ಲರೂ ಇಡ್ಲಿ ಸಾಂಬಾರು ತಿನ್ನುತ್ತಿದ್ದರು. ಹುಡುಗಿಯ ಅಪ್ಪ ಹಿಂದುಗಡೆ ಪಾತ್ರೆಗಳ ಹತ್ತಿರ ನಿಂತಿದ್ದರು. ಸಣಕಲು ಮೈ, ತೊಳೆದು ಮಡಿಸಿದ ಬಿಳಿ ಪಂಚೆ. ನಾನು ಮೈಕಿನಲ್ಲಿ ಈ ವರ್ಷದ ಅತ್ಯುತ್ತಮ ಬರಹ ಎಂದು ಹುಡುಗಿಯನ್ನು ಕರೆದು, ಓದು ಎಂದೆ.

ಅವಳು ಸಂತೋಷದಿಂದಲೇ ಓದಲು ಶುರುಮಾಡಿದಳು. ಮಕ್ಕಳು ತಮ್ಮ ತಮ್ಮಲ್ಲೇ ಆಡಿಕೊಂಡಿದ್ದರು, ಅವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಹಸಿಮೆಣಸಿನ ಮಾತು ಬಂದಾಗ ದೊಡ್ಡವರು ಗೊಳ್ಳೆಂದು ನಕ್ಕರು. ಹುಡುಗಿ ತಲೆ ಎತ್ತಿದಳು. ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಎರಡನೇ ಸಾಲಿನ ಮುದುಕಿಯೊಬ್ಬರು ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೆ ಇಳಿಸಿದ್ದರು. ಧಣಿಗಳು ಚಮಚ ಕೆಳಗಿಟ್ಟು ತಮ್ಮ ಕೈಬೆರಳು ನೋಡಿಕೊಳ್ಳುತ್ತಿದ್ದರು. ಹುಡುಗಿಯ ಮಾತು ಅಲ್ಲಿಗೇ ನಿಂತುಹೋಯಿತು.

ಸಭಾಕಂಪ ಎಂದುಕೊಂಡೆ ನಾನು! "ಓದು ಪುಟ್ಟಾ, ಚೆನ್ನಾಗಿದೆ, ಹೆದರ್ಬೇಡ," ಎಂದು ಪಕ್ಕದಿಂದ ಹೇಳಿದೆ. ಅವಳು ನನ್ನನ್ನು ನೋಡಿದಳು. ಮತ್ತೆ ಹೇಳಿದೆ. ಟೀಚರ್ ಹೇಳಿದ್ದಕ್ಕೆ ಇಲ್ಲವೆನ್ನುವ ಮಗುವಲ್ಲ ಅದು. ಅಂಗೈ, ಒಂದು ಬೆರಳು, ಎರಡು ಬೆರಳು, ದೇವರು ಎಲ್ಲವನ್ನೂ ಕೊನೆಯ ಸಾಲಿನವರೆಗೆ ಓದಿದಳು. ದನಿ ಮಾತ್ರ ಅವಳದಲ್ಲ ಎನ್ನುವ ಹಾಗಿತ್ತು. ಹಿಂದೆ ನಿಂತಿದ್ದ ಅಪ್ಪ ಸಾಂಬಾರಿನ ಪಾತ್ರೆಯ ಮುಚ್ಚಳ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಚಪ್ಪಾಳೆ ತಟ್ಟಿದವರು ನಾನು ಮತ್ತು ಇನ್ನು ನಾಲ್ಕು ಜನ.

ವೇದಿಕೆಯಿಂದ ಇಳಿದ ಮೇಲೆ ಅವಳು ನನ್ನ ಸೀರೆ ಜಗ್ಗಿದಳು. "ಟೀಚರ್, ಇವರಿಗೆಲ್ಲ ಕನ್ನಡ ಬತ್ತಾ?"

ಆಗ ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. "ಬರುತ್ತೆ," ಎಂದೆ. ಅವಳು ಬಹುಮಾನವೆಂದು ನಾನು ಕೊಟ್ಟ ಬಣ್ಣದ ಪೆನ್ಸಿಲ್ಲಿನ ಡಬ್ಬಿಯನ್ನು ಅಲ್ಲೇ ಕುರ್ಚಿಯ ಮೇಲಿಟ್ಟು ಅಪ್ಪನ ಕಡೆಗೆ ಹೋದಳು.

ಆ ವಾರವಿಡೀ ನನ್ನ ಫೋನು ಬಡಿದುಕೊಂಡಿತು. "ಇಷ್ಟು ದಿನ ಎಂಜಲು ತಿನ್ಸಿದಾರಲ್ರೀ," ಎಂದವರು, "ಮಗುವಿನ ಎಂಜಲು ಎಂಜಲಲ್ಲ," ಎಂದು ವಾದಿಸಿದವರು, ಅಂಗೈಗೆ ಬಿಟ್ಟದ್ದರಿಂದ ಸೌಟಿಗೆ ದೋಷವಿಲ್ಲ ಎಂದು ತೀರ್ಪು ಕೊಟ್ಟವರು. ಏಕಾದಶಿಯ ರಾತ್ರಿ ಮನೆಗೆ ಪಿಜ್ಜಾ ತರಿಸಿಕೊಳ್ಳುವವರೂ ಮಡಿಯ ಬಗ್ಗೆ ನನಗೆ ಪಾಠ ಹೇಳಿದರು. ಒಬ್ಬರೂ ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಲಿಲ್ಲ. ನಾಲ್ಕನೇ ದಿನ ಅಪ್ಪನನ್ನು ಒಲೆಯಿಂದ ತೆಗೆದು ತರಕಾರಿ ಹೆಚ್ಚಲು ಹಾಕಿದರೆಂದು ಗೊತ್ತಾಯಿತು. ಅಡುಗೆಯವರ ಲೋಕದಲ್ಲಿ ಅದು ಮೇಷ್ಟರನ್ನು ಶಾಲೆಯ ಗಂಟೆ ಹೊಡೆಯಲು ಹಾಕಿದ ಹಾಗೆ.

ಜಗಳವಾಡಲೆಂದೇ ನಾನು ಧಣಿಗಳನ್ನು ನೋಡಲು ಹೋದೆ. ಮಧ್ಯಾಹ್ನದ ಊಟದ ಗದ್ದಲ ಇಳಿದ ಹೊತ್ತು. ಅವರು ನನ್ನನ್ನು ಕೂರಿಸಿ ಕಾಫಿ ತರಿಸಿದರು. ನಾನು ಕೂಗಾಡುವುದನ್ನೆಲ್ಲ ಕೇಳಿಸಿಕೊಂಡು ನಿಧಾನವಾಗಿ ಹೇಳಿದರು.

"ನನಗೆ ಗೊತ್ತಿತ್ತಮ್ಮ."

"ಏನು ಗೊತ್ತಿತ್ತು?"

"ಎಲ್ಲ. ಅವನ ಮೂಗು ಹೋದದ್ದು, ಹುಡುಗಿ ಹಿಂದಿನ ಬಾಗ್ಲಿಗೆ ಬಪ್ಪುದು. ನಾನು ಇದೇ ಹೋಟ್ಲಲ್ಲಿ ಲೋಟ ತೊಳ್ದು ದೊಡ್ಡವನಾದವ. ನನ್ನ ಅಡುಗೆಮನೆಯಲ್ಲಿ ಎಂತ ನಡೀತದೆ ಅಂತ ನನಗೆ ತಿಳಿಯುದಿಲ್ವಾ? ಕೈಗುಣ ಇದ್ದವ, ಮಕ್ಕಳೊಂದಿಗ. ನಾನು ಆ ಹೊತ್ತಿಗೆ ಆ ಕಡೆ ಹೋಗ್ತಿರ್ಲಿಲ್ಲ, ಅಷ್ಟೇ. ದೇವರ ಹತ್ರ ಬೇರೆ ತಪ್ಪುಕಾಣಿಕೆ ಇಡ್ತಿದ್ದೆ." ಮೇಜಿನ ಮೇಲಿದ್ದ ನಮ್ಮ ಸಂಚಿಕೆಯನ್ನು ಬೆರಳಿನಿಂದ ನನ್ನ ಕಡೆ ತಳ್ಳಿದರು. "ಅಚ್ಚಾದ ಮೇಲೆ ನನಗೆ ಗೊತ್ತಿಲ್ಲ ಅಂತ ಹೇಳುಕೆ ಬರುದಿಲ್ಲ. ಬಂದವರೆಲ್ಲ ಕೇಳ್ತಾರೆ. ಎಂತ ಹೇಳ್ಲಿ?"

ಜಗಳಕ್ಕೆಂದು ಹೋದವಳ ಎದುರು ಜಗಳವಾಡಲು ಯಾರೂ ಇರಲಿಲ್ಲ. ಎಷ್ಟೋ ತಿಂಗಳಿಂದ ಆ ಅಡುಗೆಮನೆಯನ್ನು ನಾಲ್ಕು ಜನ ಸೇರಿ ಕಂಡೂ ಕಾಣದ ಹಾಗೆ ಕಾಪಾಡಿಕೊಂಡು ಬಂದಿದ್ದರು. ಅದನ್ನು ಕಾಪಾಡದೇ ಇದ್ದವಳು ನಾನೊಬ್ಬಳೇ.

ಎದ್ದು ಹೊರಡುವಾಗ ಅವರೇ ಒಂದು ದಾರಿ ಹೇಳಿದರು. "ಅದು ಮಗು ಕಟ್ಟಿದ ಕಥೆ, ನಿಜ ಅಲ್ಲ ಅಂತ ಸಂಘದಿಂದ ಒಂದು ಕಾಗದ ಕೊಡಿ. ಗಲ್ಲಾಪೆಟ್ಟಿಗೆ ಹತ್ರ ಅಂಟಿಸ್ತೇನೆ. ಮಾರನೇ ದಿನ ಅವನನ್ನ ಒಲೆ ಮುಂದೆ ನಿಲ್ಲಿಸ್ತೇನೆ. ಹುಡುಗಿ ಬರುದು ಮಾತ್ರ ಬೇಡ, ಬೇರೆ ಎಂತಾದ್ರೂ ಮಾಡುವ."

ನಾನು ಮನೆಗೆ ಬಂದು ಆ ಕಾಗದ ಬರೆದೆ. ಹೌದು, ನಾನೇ ಬರೆದೆ. ಮಗುವಿನ ಬರಹವನ್ನು ದೊಡ್ಡವರು ಮುಟ್ಟಬಾರದು ಎಂದು ಒಂಬತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು, 'ಪ್ರಕಟವಾದ ಬರಹವು ಬಾಲಕಿಯ ಕಲ್ಪನೆಯಾಗಿದ್ದು ಅದರಲ್ಲಿನ ಸಂಗತಿಗಳು ಸತ್ಯವಲ್ಲ' ಎಂದು ಸುಂದರ ಅಕ್ಷರದಲ್ಲಿ ಬರೆದು, ಅಧ್ಯಕ್ಷರ ಸಹಿ ಮಾಡಿಸಿಕೊಂಡೆ. ಅವರು ಮೊದಲ ಸಲ ನನ್ನ ಬರವಣಿಗೆಯನ್ನು ಹೊಗಳಿದರು. ಆದರೆ ಹುಡುಗಿಯನ್ನು, ಅವಳ ಅಪ್ಪನನ್ನು ಕೇಳದೆ ಅದನ್ನು ಕೊಡಲು ಮನಸ್ಸು ಬರಲಿಲ್ಲ. ಅಪ್ಪನ ವಾರದ ರಜೆಯ ದಿನ ಹೊತ್ತು ನೋಡಿಕೊಂಡು ಅವರ ಕೋಣೆಗೆ ಹೋದೆ.

ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಗ್ಯಾಸ್ ಒಲೆ, ಅದರ ಮುಂದೆ ಅಪ್ಪನೇ ನಿಂತು ಅಡುಗೆ ಮಾಡುತ್ತಿದ್ದರು. ತಾಯಿ ಚಾಪೆ ಹಾಸಿ ಕೂರಿಸಿದಳು, ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬಸ್ಸಿನ ಮಾತು, ಶಾಲೆಯ ಪ್ರಬಂಧದ ಮಾತು ಅವಳು ಹೇಳಿದ್ದು ಆಗಲೇ. ಹುಡುಗಿ ಕಿಟಕಿಯ ಹತ್ತಿರ ತಮಿಳು ಪುಸ್ತಕ ಹಿಡಿದು ಕೂತಿದ್ದಳು. "ಹೇಗಿದ್ದೀ ಪುಟ್ಟಾ? ಕ್ಲಾಸಿಗೆ ಯಾಕೆ ಬರಲಿಲ್ಲ?" ಎಂದೆ. "ಎಳುದ ವೇಲೆ ಇರುಕ್ಕು ಮಿಸ್," ಎಂದಳು. ಬರೆಯುವ ಕೆಲಸವಿದೆ ಎಂದು. ನಮ್ಮ ಸಂಘದ ಎಲ್ಲ ಮಕ್ಕಳ ಹಾಗೆ ಅವಳೂ ನನಗೆ ತಮಿಳಿನಲ್ಲಿ ಉತ್ತರ ಕೊಟ್ಟಳು.

ನಾನು ಕಾಗದವನ್ನು ಅಪ್ಪನ ಕೈಗೆ ಕೊಟ್ಟು ವಿಷಯ ಹೇಳಿದೆ. ಅವರು ಕೈ ಒರೆಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಎರಡು ಸಲ ಓದಿದರು.

"ಇದ್ರಲ್ಲಿ ನನ್ನ ಮಗಳು ಸುಳ್ಳು ಹೇಳಿದ್ಲು ಅಂತ ಇತ್ತಲ್ದಾ ಅಮ್ಮ," ಎಂದರು.

"ಸುಳ್ಳು ಅಂತ ಅಲ್ಲ, ಕಥೆ ಅಂತ. ನಿಮ್ಮ ಕೆಲಸ..."

"ಅವ್ಳು ಸುಳ್ಳು ಹೇಳ್ಲಿಲ್ಲ." ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ನನಗೆ ಹಿಂದಕ್ಕೆ ಕೊಟ್ಟರು. "ನನ್ನ ಮೂಗು ಹೋಯ್ತು, ಅದಕ್ಕೆ ಅವ್ಳೆಂತ ಮಾಡುದು? ತರಕಾರಿ ಹೆಚ್ಚುಕೆ ಮೂಗು ಬೇಡ. ಇಷ್ಟು ದಿನ ನಡ್ದದ್ದೇ ಅವ್ಳ ಬಾಯಿಂದ. ಅದನ್ನ ಅವ್ಳು ಬರ್ದದ್ದು ಚೆಂದ ಇತ್ತ್. ನಾನು ಓದಿದೆ." ಅಷ್ಟು ಹೇಳಿ, "ಊಟ ಮಾಡ್ಕಂಡು ಹೋಯ್ನಿ," ಎಂದು ಒಲೆಯ ಕಡೆ ತಿರುಗಿದರು.

ಬೇಡವೆನ್ನುವ ಮುಖ ನನಗಿರಲಿಲ್ಲ. ತಾಯಿ ತಟ್ಟೆಗಳನ್ನು ಹಾಕಿದಳು. ಮಗಳನ್ನು ನನ್ನ ಎದುರಿಗೆ ಕೂರಿಸಿದರು. ಅಪ್ಪನೇ ಬಗ್ಗಿ ಬಗ್ಗಿ ಬಡಿಸಿದರು, ಹೋಟೆಲಿನಲ್ಲಿ ಬಡಿಸುವಷ್ಟೇ ಅಚ್ಚುಕಟ್ಟಾಗಿ. ಅನ್ನ, ಬೀನ್ಸ್ ಪಲ್ಯ, ಹಬೆಯಾಡುವ ಸಾರು. ಕರಿಬೇವು, ಇಂಗಿನ ಒಗ್ಗರಣೆ ಘಮ್ಮೆನ್ನುತ್ತಿತ್ತು. ಮೊದಲ ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪು ಬಿದ್ದೇ ಇರಲಿಲ್ಲ. ಒಂದು ಹರಳೂ ಇಲ್ಲ. ನಾನು ತಾಯಿಯ ಕಡೆ ನೋಡಿದೆ, ಅವಳು ತನ್ನ ತಟ್ಟೆಯನ್ನೇ ನೋಡುತ್ತಿದ್ದಳು.

"ಹೆಂಗಿತ್ತ್ ಮಗಾ?" ಎಂದು ಅವರು ಮಗಳನ್ನು ಕೇಳಿದರು. ಕೇಳುವಾಗ ಅವರ ಕಣ್ಣು ಅವಳ ಕೈಯ ಮೇಲಿತ್ತು.

ಹುಡುಗಿ ಬೆರಳು ಎತ್ತಲಿಲ್ಲ. "ಸಮ ಇತ್ತ್ ಅಪ್ಪಯ್ಯ," ಎಂದು ಅನ್ನ ಕಲಸಿದಳು.

"ಈಗೀಗ ಎಂತ ಹಾಕಿದ್ರೂ ಸಮ ಇತ್ತ್ ಅಂತಾಳೆ," ಎಂದು ನಗುತ್ತಾ ಅವರು ನನ್ನ ಕಡೆ ತಿರುಗಿದರು. "ನೀವು ಹೇಳಿ ಅಮ್ಮ. ಉಪ್ಪು ಸಮ ಇತ್ತಾ?"

ಹುಡುಗಿ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. ನಾನು ಏನು ಹೇಳುತ್ತೇನೆಂದು ಅವಳು ಕಾಯುತ್ತಿದ್ದಳು.

"ಸಮ ಇದೆ," ಎಂದೆ.

ಅವರು ಸಂತೋಷದಿಂದ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು. ಹುಡುಗಿ ಮತ್ತೆ ತಲೆ ತಗ್ಗಿಸಿ ಉಣ್ಣತೊಡಗಿದಳು, ಆಮೇಲೆ ನಾನು ಹೊರಡುವವರೆಗೂ ನನ್ನ ಕಡೆ ನೋಡಲಿಲ್ಲ.